ನಂಬಿಕೆಗೆ ಅರ್ಹವಲ್ಲದ ಕಂಪೆನಿ ಯಾವುದು?

(ಹರಿಹರ ತಾಲ್ಲೂಕಿನ ಸಾರಥಿಯಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಿಂದ ಇಳಿದು ಬಂದವರಿಗೆ ಹರಿಹರದ ಸೀಮೆಯಲ್ಲಿ ನಿಂತು ಮಾತನಾಡುವಾಗ ಸ್ವಲ್ಪ ಸಂಕೋಚವಾಗುತ್ತದೆ. ನಮ್ಮ ಗುಡ್ಡಗಳಲ್ಲಿ ಬಿದ್ದ ಮಳೆಯೇ ತುಂಗೆಯಾಗಿ, ಭದ್ರೆಯಾಗಿ ಹರಿದು, ಕೂಡಲಿಯಲ್ಲಿ ಒಂದಾಗಿ ನಿಮ್ಮಲ್ಲಿಗೆ ಬರುತ್ತದೆ. ನಾವು ತೋಟಕ್ಕೆ ಹೊಡೆದ ಮೈಲುತುತ್ತ, ನಮ್ಮ ಪೇಟೆಗಳ ಕೊಳಚೆ, ಮರ ಕಡಿದ ಗುಡ್ಡದ ಕೆಮ್ಮಣ್ಣು, ಇವೆಲ್ಲವೂ ಅದೇ ದಾರಿಯಲ್ಲಿ ಬರುತ್ತವೆ. ಆದುದರಿಂದ ಕಂಪೆನಿಗಳ ವಿಷಯವನ್ನು ಎತ್ತುವ ಮುನ್ನ ನಮ್ಮ ಪಾಲಿನ ತಪ್ಪನ್ನು ಒಪ್ಪಿಕೊಂಡು ಮಾತನ್ನು ಆರಂಭಿಸುತ್ತೇನೆ.

ಸಂಘಟಕರು ನನಗೆ ಕೊಟ್ಟಿರುವ ವಿಷಯ, ತಂತ್ರಜ್ಞಾನದ ಕಂಪೆನಿಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದು. ವಿದ್ಯಾರ್ಥಿಗಳಿಗೆ ತಂತ್ರಜ್ಞಾನದ ಕಂಪೆನಿ ಎಂದೊಡನೆ ಬೆಂಗಳೂರಿನ ಗಾಜಿನ ಕಟ್ಟಡಗಳು ನೆನಪಿಗೆ ಬಂದಿರಬಹುದು. ಆದರೆ ನಿಮ್ಮ ಸೀಮೆ ಅವುಗಳಿಗಿಂತ ಬಹಳ ಮೊದಲೇ ಇಂಥ ಕಂಪೆನಿಗಳನ್ನು ಕಂಡಿದೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪೆನಿ ಹುಟ್ಟಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. 1972ರಲ್ಲಿ ಹೊಳೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಗ್ವಾಲಿಯರ್ ರೇಯಾನ್ ಕಂಪೆನಿಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಮರವನ್ನು ಕರಗಿಸಿ ನೂಲಿಗೆ ಬೇಕಾದ ತಿರುಳನ್ನು ತೆಗೆಯುವುದು ಆ ಕಾಲಕ್ಕೆ ನಮ್ಮ ಜನ ಕಂಡು ಕೇಳರಿಯದ ತಂತ್ರಜ್ಞಾನವಾಗಿತ್ತು. ಇವೆರಡನ್ನೂ ಹತ್ತಿರದಿಂದ ನೋಡಿದ ಹಿರಿಯರು ಈ ಸಭೆಯಲ್ಲಿದ್ದಾರೆ. ನಾನು ಹೇಳುವುದರಲ್ಲಿ ತಪ್ಪಿದ್ದರೆ ಅವರು ತಿದ್ದಬೇಕು.

ನಂಬಿಕೆಯ ಮಾತನ್ನು ನಮ್ಮ ಅಡಿಕೆ ತೋಟದಿಂದಲೇ ಆರಂಭಿಸುತ್ತೇನೆ. ಮಲೆನಾಡಿನಲ್ಲಿ ಆಷಾಢದ ಜಡಿಮಳೆ ಹಿಡಿಯಿತೆಂದರೆ ಕೊಳೆರೋಗ ಬಂದು ಎಳೆಯ ಕಾಯಿಗಳು ಉದುರುತ್ತವೆ. ಹಿಂದೆ ಇದಕ್ಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದ ಬಳಕೆಯಲ್ಲಿದ್ದ ಬೋರ್ಡೋ ದ್ರಾವಣವನ್ನು ಜಡಿಮಳೆಗೂ ತೊಳೆದು ಹೋಗದಂತೆ ಅಡಿಕೆಯ ಕೊನೆಗೆ ಒಗ್ಗಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷ ಕಳೆದರೂ ನಾವು ಹೊಡೆಯುವುದು ಅದೇ ಮದ್ದನ್ನು.

ಆ ಮದ್ದನ್ನು ಕೂಡಿಸಿದ ಮೇಲೆ ನಮ್ಮ ಕೊನೆಗಾರ ಒಂದು ಕೆಲಸ ಮಾಡುತ್ತಾನೆ. ಉಜ್ಜಿ ಹೊಳಪು ಬಂದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ಹೊರತೆಗೆದು ನೋಡುತ್ತಾನೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಅಂಥ ಮದ್ದು ಕೊನೆಯನ್ನು ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದುತ್ತಾನೆ. ಶಾಲೆಗೆ ಹೋಗದ ಕೊನೆಗಾರನೂ ಈ ಪರೀಕ್ಷೆಯನ್ನು ಮಾಡಬಲ್ಲನು. ಸುಣ್ಣ ಹಳೆಯದಾಗಿದ್ದರೆ, ವಿಜ್ಞಾನಿಯಾದ ನಾನೇ ಸುಣ್ಣದ ಅಳತೆಯನ್ನು ಕಡಿಮೆ ಹೇಳಿದ್ದರೆ, ಅದನ್ನು ಕತ್ತಿಯ ಅಲಗು ಹೇಳಿಬಿಡುತ್ತದೆ. ಈ ಮದ್ದು ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ವರ್ಷವರ್ಷವೂ ಹೊಡೆದ ತಾಮ್ರ ತೋಟದ ಮಣ್ಣಿನಲ್ಲಿ ಉಳಿಯುತ್ತದೆ, ಎರೆಹುಳುವಿಗೆ ಅದು ಹಿತವಲ್ಲ. ಆದರೆ ಆ ದೋಷವೂ ನಮಗೆ ಗೊತ್ತಿದೆ. ಏಕೆಂದರೆ ಮದ್ದಿನಲ್ಲಿ ಏನಿದೆ ಎಂಬುದು ಎಂದೂ ಗುಟ್ಟಾಗಿರಲಿಲ್ಲ.

ಕಂಪೆನಿಯೊಂದು ನಂಬಿಕೆಗೆ ಅರ್ಹವೇ ಎಂದು ಕೇಳಿದಾಗ ನನಗೆ ನೆನಪಾಗುವುದು ಈ ಕತ್ತಿ. ಕಂಪೆನಿಯ ಒಡೆಯರು ಸಜ್ಜನರೇ, ಅದು ಸ್ವದೇಶಿಯೇ ವಿದೇಶಿಯೇ, ಅದರ ಯಂತ್ರ ಹೊಸತೇ ಹಳೆಯದೇ ಎಂಬ ಪ್ರಶ್ನೆಗಳು ಆಮೇಲಿನವು. ಫಲವನ್ನೋ ಪೆಟ್ಟನ್ನೋ ಉಣ್ಣಬೇಕಾದವನ ಕೈಯಲ್ಲಿ ಪರೀಕ್ಷಿಸುವ ಸಾಧನ ಇದೆಯೇ, ಪರೀಕ್ಷಿಸಿದ ಮೇಲೆ ಬೇಡವೆನ್ನುವ ಅಧಿಕಾರ ಇದೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಕಿರ್ಲೋಸ್ಕರ್ ಲೇತಿನ ವಿಷಯವನ್ನೇ ನೋಡಿ. ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಅದನ್ನೇ ನೆಚ್ಚಿದ್ದ ಕುಟುಂಬಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ, ಅದನ್ನು ನಾನು ಹಗುರವಾಗಿ ಹೇಳಲಾರೆ. ಆದರೆ ಅಲ್ಲಿ ತಯಾರಾದ ಲೇತುಗಳು ಕಂಪೆನಿಯೊಂದಿಗೆ ಸಾಯಲಿಲ್ಲ. ಅಂಥ ಹಳೆಯ ಲೇತೊಂದರಲ್ಲಿ ನಮ್ಮೂರ ಪಂಪಿನ ದಂಡವನ್ನು ತಿರುವಿಸಿಕೊಂಡು ಬಂದಿದ್ದೇನೆ. ಅದರ ಹಲ್ಲುಗಾಲಿ ಸವೆದರೆ ಮತ್ತೊಂದನ್ನು ಅಲ್ಲಿಯೇ ಕಡೆದು ಕೂಡಿಸುತ್ತಾರೆ. ಬಿಚ್ಚಿ ನೋಡಿದರೆ ತಿಳಿಯುವ ಯಂತ್ರ ಅದು. ಮಾರಿದವನು ಇಲ್ಲವಾದರೂ ಕೊಂಡವನ ಕೈಯಲ್ಲಿ ವಿದ್ಯೆ ಉಳಿಯಿತು. ಈ ಲೇತನ್ನು ನೆನಪಿನಲ್ಲಿಟ್ಟುಕೊಂಡಿರಿ, ಕೊನೆಗೆ ಮತ್ತೆ ಇದಕ್ಕೆ ಬರುತ್ತೇನೆ.

ಈಗ ಹೊಳೆಯ ಆಚೆಗೆ ಬರೋಣ. ಮರದಲ್ಲಿ ನೂಲಿಗೆ ಬೇಕಾದ ಸೆಲ್ಯುಲೋಸ್ ಹೆಚ್ಚುಕಡಿಮೆ ಅರ್ಧಕ್ಕಿಂತಲೂ ಕಡಿಮೆ. ಉಳಿದುದು ಲಿಗ್ನಿನ್ ಎಂಬ ಅಂಟು ಮತ್ತಿತರ ವಸ್ತುಗಳು. ಚಕ್ಕೆಯನ್ನು ರಾಸಾಯನಿಕಗಳಲ್ಲಿ ಬೇಯಿಸಿದಾಗ ಅವೆಲ್ಲ ಕರಗಿ ಕಪ್ಪು ರಸವಾಗುತ್ತವೆ. ಆ ರಸದ ಬಹುಭಾಗವನ್ನು ಕಾರ್ಖಾನೆಯವರೇ ಇಂಗಿಸಿ ಸುಟ್ಟು ರಾಸಾಯನಿಕವನ್ನು ಮರಳಿ ಪಡೆಯುತ್ತಾರೆ. ಆದರೂ ತಿರುಳನ್ನು ತೊಳೆದ ನೀರು, ಬಿಳುಪು ಮಾಡಿದ ನೀರು ಅಪಾರವಾಗಿ ಹೊರಬರುತ್ತದೆ. ಅದರಲ್ಲಿರುವ ಜೈವಿಕ ವಸ್ತುವನ್ನು ಹೊಳೆಯ ಸೂಕ್ಷ್ಮಾಣುಗಳು ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರುತ್ತವೆ. ಮೀನಿಗೆ ಲೀಟರಿಗೆ ನಾಲ್ಕೈದು ಮಿಲಿಗ್ರಾಂ ಆಮ್ಲಜನಕವಾದರೂ ಬೇಕು. ಅದು ಇಳಿದರೆ ಮೀನು ವಿಷವಿಲ್ಲದೆಯೂ ಉಸಿರುಗಟ್ಟಿ ಸಾಯುತ್ತದೆ. ಬೇಸಗೆಯಲ್ಲಿ ಹೊಳೆ ಸಣ್ಣದಾದಾಗ ಅದೇ ತ್ಯಾಜ್ಯ ಹತ್ತು ಪಟ್ಟು ಕಠಿಣವಾಗಿ ಪರಿಣಮಿಸಬಹುದು.

ಕಾರ್ಖಾನೆ ಆರಂಭವಾದುದು 1972ರಲ್ಲಿ, ನಮ್ಮ ದೇಶದಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂದುದು 1974ರಲ್ಲಿ. ಅಂದರೆ ಅನುಮತಿ ಕೇಳುವ ಕಾನೂನು ಹುಟ್ಟುವ ಮೊದಲೇ ಕೊಳವೆ ಹೊಳೆಗೆ ಮುಖ ಮಾಡಿತ್ತು. 1980ರ ದಶಕದಲ್ಲಿ ಕೆಳಭಾಗದ ಹಳ್ಳಿಗಳಲ್ಲಿ ಮೀನುಗಳು ಸತ್ತು ತೇಲಿದವು, ನೀರು ಬಣ್ಣಗೆಟ್ಟಿತು, ದನಗಳು ಕುಡಿಯಲು ಹಿಂಜರಿದವು, ಹೊಳೆಯಲ್ಲಿಳಿದವರಿಗೆ ಚರ್ಮದ ತುರಿಕೆಯಾಯಿತು ಎಂದು ಜನ ದೂರಿದರು. ತುಂಗಭದ್ರಾ ಪರಿಸರ ಸಮಿತಿ, ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮುಂತಾದ ಸಂಘಟನೆಗಳು ಈ ದೂರನ್ನು ಚಳವಳಿಯಾಗಿಸಿ ನ್ಯಾಯಾಲಯದವರೆಗೆ ಒಯ್ದವು. ಅಂದಿನಿಂದ ಇಂದಿನವರೆಗೆ ಕಾನೂನು, ಶುದ್ಧೀಕರಣದ ವ್ಯವಸ್ಥೆ ಎರಡೂ ಬಹಳ ಬದಲಾಗಿವೆ. ಇಂದಿನ ಕಾರ್ಖಾನೆಯ ಮೇಲೆ ತೀರ್ಪು ಕೊಡಲು ನಾನು ಬಂದಿಲ್ಲ. ಅಲ್ಲಿ ದುಡಿದು ಮಕ್ಕಳನ್ನು ಓದಿಸಿದವರು ಈ ಸಭೆಯಲ್ಲಿಯೇ ಇರಬಹುದು. ಕೇರಳದ ಮಾವೂರಿನಲ್ಲಿ ಇದೇ ಗ್ವಾಲಿಯರ್ ರೇಯಾನ್ ಕಂಪೆನಿಯ ಕಾರ್ಖಾನೆ ಚಾಲಿಯಾರ್ ನದಿಯನ್ನು ಕೆಡಿಸಿತೆಂದು ದೀರ್ಘ ಹೋರಾಟ ನಡೆದು, 1999ರಲ್ಲಿ ಉತ್ಪಾದನೆ ನಿಂತಾಗ ಊರಿಗೆ ಊರೇ ಕೆಲಸವಿಲ್ಲದೆ ಕೂತಿತು. ಹೊಳೆ ಬೇಕೋ ಕೂಲಿ ಬೇಕೋ ಎಂದು ಬಡವರನ್ನು ಬಡವರ ಎದುರು ನಿಲ್ಲಿಸುವ ಸ್ಥಿತಿಗೆ ಬರುವವರೆಗೆ ಸುಮ್ಮನಿರುವುದೇ ಕಂಪೆನಿಯ ಮೊದಲ ದ್ರೋಹ ಎಂದು ನನ್ನ ಅಭಿಪ್ರಾಯ.

ಆ ದಿನಗಳ ವಿಷಯದಲ್ಲಿ ನನ್ನನ್ನು ಕಾಡುವುದು ಮಾಲಿನ್ಯಕ್ಕಿಂತಲೂ ಅಳತೆಯ ಪ್ರಶ್ನೆ. ಹೊಳೆ ಕೆಟ್ಟಿದೆ ಎಂದು ಮೀನುಗಾರ ಕಣ್ಣಾರೆ ಕಂಡು ಹೇಳಿದರೆ ಅದು ಪುರಾವೆಯಲ್ಲ. ಕಂಪೆನಿಯ ಪ್ರಯೋಗಾಲಯದ ಕಾಗದ ಪುರಾವೆ. ಅಧಿಕಾರಿ ಬಂದು ಮಾದರಿ ತೆಗೆದ ದಿನದ ನೀರು ಪುರಾವೆ, ಉಳಿದ ದಿನಗಳ ನೀರು ಲೆಕ್ಕಕ್ಕಿಲ್ಲ. ಪರೀಕ್ಷೆಯ ದಿನ ಒಂದು ರೀತಿ, ಉಳಿದ ದಿನ ಇನ್ನೊಂದು ರೀತಿ ನಡೆದುಕೊಳ್ಳುವುದು ಎಷ್ಟು ದೂರ ಹೋಗಬಲ್ಲುದು ಎಂಬುದನ್ನು 2015ರಲ್ಲಿ ಜಗತ್ತು ಕಂಡಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ ತನ್ನ ಡೀಸೆಲ್ ಕಾರುಗಳಲ್ಲಿ, ತಾನು ಈಗ ಪರೀಕ್ಷೆಗೊಳಗಾಗುತ್ತಿದ್ದೇನೆ ಎಂಬುದನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ಕಡಿಮೆ ಮಾಡುವ ತಂತ್ರಾಂಶವನ್ನು ಇಟ್ಟಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಅದಿತ್ತು ಎಂದು ಕಂಪೆನಿಯೇ ಒಪ್ಪಿಕೊಂಡಿತು. ಅದು ಅಜ್ಞಾನದಿಂದಾದ ತಪ್ಪಲ್ಲ. ಬುದ್ಧಿವಂತ ಎಂಜಿನಿಯರುಗಳು ಕೂತು ಕತ್ತಿಯ ಅಲಗಿಗೇ ಮೋಸ ಮಾಡುವ ವಿದ್ಯೆಯನ್ನು ಕಟ್ಟಿದ್ದರು.

ಹೊಳೆಯ ಕತೆ ನಿಮ್ಮದು. ಅದೇ ಕಾರ್ಖಾನೆಗೆ ಮರ ಒದಗಿಸಿದ ಕತೆ ನಮ್ಮ ಗುಡ್ಡಗಳದ್ದು. 1984ರಲ್ಲಿ ಕರ್ನಾಟಕ ಸರ್ಕಾರದ ಪಾಲು ನೂರಕ್ಕೆ 51, ಹರಿಹರ ಪಾಲಿಫೈಬರ್ಸ್ ಪಾಲು 49 ಇದ್ದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪೆನಿ ಹುಟ್ಟಿತು. ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿಯಲ್ಲಿ ಇದಕ್ಕಾಗಿ ನೀಲಗಿರಿಯಂಥ ಮರಗಳನ್ನು ಬೆಳೆಸುವುದೆಂದು ಯೋಜನೆಯಾಯಿತು. ಕಾಗದದಲ್ಲಿ ಅದು ಪಾಳುಭೂಮಿ. ಊರವರಿಗೆ ಅದು ದನ ಮೇಯುವ ಬೇಣ, ಸೊಪ್ಪಿನ ಗುಡ್ಡ, ನೇಗಿಲಿನ ಮರ, ಮುರುಗಲು, ಅಂಟುವಾಳ, ಸೀಗೆ. ದನ ನೀಲಗಿರಿಯ ಎಲೆಯನ್ನು ಮೂಸುವುದೂ ಇಲ್ಲ.

ಇಲ್ಲಿ ಸರ್ಕಾರವೇ ಪಾಲುದಾರನಾಗಿದ್ದುದನ್ನು ಗಮನಿಸಬೇಕು. ತಪ್ಪು ಮಾಡಿದವನನ್ನು ಹಿಡಿಯಬೇಕಾದವನೇ ಲಾಭದಲ್ಲಿ ಪಾಲು ಪಡೆದರೆ ದೂರನ್ನು ಯಾರ ಬಳಿ ಒಯ್ಯುವುದು? ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ ಮತ್ತು ಜೊತೆಗಾರರು, ಶಿವರಾಮ ಕಾರಂತರೂ ಸೇರಿದಂತೆ, ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತದ್ದು ಎಷ್ಟು ಎಂಬುದಕ್ಕಿಂತ ನೆಟ್ಟದ್ದು ಯಾವ ಗಿಡ ಎಂಬುದೇ ಅಲ್ಲಿನ ವಾದವಾಗಿತ್ತು. 1991ರಲ್ಲಿ ಸರ್ಕಾರ ಆ ಕಂಪೆನಿಯನ್ನು ಮುಚ್ಚಲು ತೀರ್ಮಾನಿಸಿತು.

ಬಿದಿರಿನ ಒಂದು ಪ್ರಸಂಗವನ್ನು ವಿದ್ಯಾರ್ಥಿಗಳಿಗಾಗಿ ಹೇಳಲೇಬೇಕು. ಇದು ಹರಿಹರದ ಕಾರ್ಖಾನೆಯದಲ್ಲ, ಉತ್ತರ ಕನ್ನಡದ ಕಾಡಿನದು. ದಾಂಡೇಲಿಯ ಕಾಗದದ ಕಾರ್ಖಾನೆಗೆ 1950ರ ದಶಕದ ಕೊನೆಯಲ್ಲಿ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಗೆ ಕೊಡಲಾಗಿತ್ತು. ಬುಟ್ಟಿ ಹೆಣೆಯುವ ಮೇದಾರರು ಪೇಟೆಯ ದರ ಕೊಟ್ಟು ಕೊಳ್ಳಬೇಕಿತ್ತು. ಬಿದಿರು ಬರಿದಾದಾಗ ದನ ಮೇಯಿಸುವವರೇ ಕಾರಣವೆಂದು ದೂಷಿಸಲಾಯಿತು. 1970ರ ದಶಕದಲ್ಲಿ ಮಾಧವ ಗಾಡ್ಗೀಳರು ಅಲ್ಲಿ ಅಭ್ಯಾಸ ನಡೆಸಿದಾಗ ಬೇರೆಯೇ ಸಂಗತಿ ಕಂಡಿತು. ಕಡಿಯಲು ಅನುಕೂಲವಾಗಲೆಂದು, ಹಿಂಡಿಲು ಚೆನ್ನಾಗಿ ಬೆಳೆಯುತ್ತದೆಂದು, ಕಂಪೆನಿಯ ಕೂಲಿಗಳು ಬಿದಿರುಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆಯುತ್ತಿದ್ದರು. ಮುಳ್ಳಿನ ಬೇಲಿ ಹೋದ ಮೇಲೆ ಎಳೆಯ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದು ಮುಗಿಸುತ್ತಿದ್ದವು. ಮುಳ್ಳು ಏಕಿದೆ ಎಂಬುದು ಹಳ್ಳಿಯವರಿಗೆ ಗೊತ್ತಿತ್ತು, ಅರಣ್ಯಶಾಸ್ತ್ರ ಓದಿದವರಿಗೆ ಗೊತ್ತಿರಲಿಲ್ಲ. ಒಂದೂವರೆ ರೂಪಾಯಿಗೆ ಟನ್ನು ಸಿಗುವ ವಸ್ತುವಿನ ಬುಡದಲ್ಲಿ ಏನಾಗುತ್ತಿದೆ ಎಂದು ಬಗ್ಗಿ ನೋಡುವ ಅಗತ್ಯ ಯಾವ ಕಂಪೆನಿಗೂ ಬೀಳುವುದಿಲ್ಲ.

ಇನ್ನು ನನ್ನದೇ ಕ್ಷೇತ್ರವಾದ ಬೀಜಕ್ಕೆ ಬರುತ್ತೇನೆ. ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯ ಮಗ್ಗುಲಲ್ಲಿ ಇದನ್ನು ಹೇಳದೆ ಹೋಗುವುದು ಸರಿಯಲ್ಲ. 2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಸಮಿತಿ ಮಹಿಕೋ ಕಂಪೆನಿಯ ಮೂರು ಬಿಟಿ ಹತ್ತಿ ಸಂಕರ ತಳಿಗಳಿಗೆ ಒಪ್ಪಿಗೆ ಕೊಟ್ಟಿತು. ಅದರೊಳಗಿನ ವಂಶವಾಹಿ ಅಮೆರಿಕದ ಮಾನ್ಸಾಂಟೊ ಕಂಪೆನಿಯದು. ಆರಂಭದ ವರ್ಷಗಳಲ್ಲಿ ಹಸಿರು ಕಾಯಿಕೊರಕದ ಕಾಟ ಇಳಿದುದು ನಿಜ, ಅದಕ್ಕಾಗಿ ಹೊಡೆಯುವ ಕೀಟನಾಶಕ ಕಡಿಮೆಯಾದುದೂ ನಿಜ. ಚಳವಳಿಯ ಗೆಳೆಯರು ಇದನ್ನು ಒಪ್ಪಲು ಹಿಂಜರಿಯುತ್ತಾರೆ, ಆದರೆ ಕಂಡದ್ದನ್ನು ಕಂಡಿಲ್ಲವೆಂದರೆ ನಾವು ಕಂಪೆನಿಗಿಂತ ಮೇಲಲ್ಲ.

ಆದರೆ ವ್ಯಾಪಾರ ಹೇಗಿತ್ತು? 450 ಗ್ರಾಂ ಬೀಜದ ಪೊಟ್ಟಣಕ್ಕೆ 1,600 ರೂಪಾಯಿಗೂ ಮೇಲೆ. ಅದರಲ್ಲಿ 1,250 ರೂಪಾಯಿ ತಂತ್ರಜ್ಞಾನದ ಶುಲ್ಕ. 2006ರಲ್ಲಿ ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ತಡೆ ಆಯೋಗಕ್ಕೆ ದೂರು ಕೊಟ್ಟು ಪೊಟ್ಟಣದ ಬೆಲೆಯನ್ನು 750 ರೂಪಾಯಿಗೆ ಇಳಿಸಿತು. ಕೇಂದ್ರ ಸರ್ಕಾರ 2016ರಲ್ಲಿ ತಂತ್ರಜ್ಞಾನ ಶುಲ್ಕವನ್ನು 49 ರೂಪಾಯಿ ಎಂದು ಗೊತ್ತುಪಡಿಸಿ, 2020ರಲ್ಲಿ ಪೂರ್ಣವಾಗಿ ತೆಗೆದುಹಾಕಿತು. ಒಂದೇ ವಸ್ತುವಿನ ಶುಲ್ಕ 1,250ರಿಂದ ಸೊನ್ನೆಗೆ ಇಳಿಯಬಹುದಾದರೆ ಮೊದಲಿನ ಲೆಕ್ಕ ಯಾವ ತಕ್ಕಡಿಯಲ್ಲಿ ತೂಗಿದ್ದು ಎಂದು ರೈತ ಕೇಳಿದರೆ ತಪ್ಪೇನು?

ಬೆಲೆಗಿಂತ ದೊಡ್ಡ ವಿಷಯ ಆಶ್ರಯ ಬೆಳೆಯದ್ದು. ಬಿಟಿ ಪೊಟ್ಟಣದ ಜೊತೆ 120 ಗ್ರಾಮಿನ ಸಣ್ಣ ಪೊಟ್ಟಣವೊಂದು ಬರುತ್ತಿದ್ದುದನ್ನು ಹತ್ತಿ ಬೆಳೆದವರು ಬಲ್ಲಿರಿ. ಅದು ಬಿಟಿ ಇಲ್ಲದ ಹತ್ತಿ. ಹೊಲದ ಸುತ್ತ ಐದು ಸಾಲು, ಇಲ್ಲವೆ ಐದನೆಯ ಒಂದು ಭಾಗ, ಅದನ್ನು ಬಿತ್ತಬೇಕಿತ್ತು. ಏಕೆ? ಬಿಟಿ ಹತ್ತಿಯನ್ನು ತಿಂದೂ ಬದುಕುವ ಹುಳು ಸಾವಿರಾರರಲ್ಲಿ ಒಂದು ಇರುತ್ತದೆ. ಅಂಥ ಎರಡು ಹುಳುಗಳ ಪತಂಗಗಳೇ ಕೂಡಿದರೆ ಸಂತತಿಯೆಲ್ಲ ಗಟ್ಟಿಯಾಗುತ್ತದೆ. ಪಕ್ಕದಲ್ಲಿ ಸಾದಾ ಹತ್ತಿಯಿದ್ದರೆ ಅಲ್ಲಿ ಬೆಳೆದ ಸಾದಾ ಪತಂಗಗಳೊಡನೆ ಅವು ಕೂಡುತ್ತವೆ, ಗಟ್ಟಿತನ ಕರಗುತ್ತದೆ. ತಂತ್ರಜ್ಞಾನದ ಆಯುಷ್ಯವೆಲ್ಲ ಆ ಸಣ್ಣ ಪೊಟ್ಟಣದಲ್ಲಿತ್ತು. ಆದರೆ ಎರಡು ಎಕರೆಯ ರೈತ ಹುಳುವಿಗೆ ಊಟವಿಡಲು ಹೊಲ ಬಿಟ್ಟುಕೊಡಬೇಕೆಂದರೆ ಒಪ್ಪುವನೇ? ಏಕೆಂದು ಅವನಿಗೆ ಕೂರಿಸಿ ಹೇಳಿದವರು ಬಹಳ ಕಡಿಮೆ. ಮಾರುವ ಜಾಹೀರಾತಿಗೆ ದುಡ್ಡಿತ್ತು, ಇದಕ್ಕಿರಲಿಲ್ಲ. ಸಣ್ಣ ಪೊಟ್ಟಣಗಳು ಬದುವಿನಲ್ಲಿ ಬಿದ್ದಿದ್ದವು. ಗುಲಾಬಿ ಕಾಯಿಕೊರಕಕ್ಕೆ ನಮ್ಮಲ್ಲಿ ಹತ್ತಿಯೇ ಮುಖ್ಯ ಆಹಾರ. ಜೊತೆಗೆ ನಮ್ಮ ಬಿಟಿ ತಳಿಗಳಲ್ಲಿ ಬಹುಪಾಲು ದೀರ್ಘಕಾಲ ಹೊಲದಲ್ಲಿ ನಿಲ್ಲುವ ಸಂಕರ ತಳಿಗಳು. ಸಂಕರವೇ ಏಕೆ? ವರ್ಷವೂ ಹೊಸ ಬೀಜ ಕೊಳ್ಳಲೇಬೇಕು ಎಂಬುದು ಅದಕ್ಕೊಂದು ಕಾರಣ.

2010ರ ಮಾರ್ಚ್‌ನಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ಪೀಳಿಗೆಯ ಬಿಟಿಯನ್ನು ಮೀರಿ ಬೆಳೆದಿದೆ ಎಂದು ಮಾನ್ಸಾಂಟೊ ಸ್ವತಃ ತಿಳಿಸಿತು. ಆಶ್ರಯ ಬೆಳೆ ಸಾಕಷ್ಟು ಹಾಕದಿದ್ದುದು, ಅನುಮತಿಯಿಲ್ಲದ ಬೀಜ ಬಿತ್ತಿದ್ದು ಕಾರಣವಿರಬಹುದು ಎಂದಿತು. ಎರಡೂ ತಪ್ಪಿನ ಹೊರೆ ಬಿದ್ದುದು ರೈತನ ತಲೆಯ ಮೇಲೆ. ಪರಿಹಾರವಾಗಿ ತೋರಿಸಿದ್ದು ಎರಡು ವಂಶವಾಹಿಗಳ ಎರಡನೆಯ ಪೀಳಿಗೆಯ ಬೀಜ. ಕೆಲವೇ ವರ್ಷಗಳಲ್ಲಿ ಅದನ್ನೂ ಹುಳು ಗೆದ್ದಿತು. ಮುಳ್ಳು ಸವರಿದವರು ದನದವನನ್ನು ದೂರಿದಂತೆಯೇ ಇದು.

ಖಾಸಗಿ ಕಂಪೆನಿಗಳಷ್ಟೇ ಹೀಗೆ ಎಂದು ನೀವು ತಿಳಿಯಬಾರದು. ನಾಗಪುರದ ಹತ್ತಿ ಸಂಶೋಧನ ಸಂಸ್ಥೆ ಮತ್ತು ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾನಿಲಯ ಸೇರಿ ಬಿಕನೇರಿ ನರ್ಮಾ ಬಿಟಿ ಎಂಬ ತಳಿಯನ್ನು ಹೊರತಂದಾಗ ನಮಗೆಲ್ಲ ಹೆಮ್ಮೆಯಾಗಿತ್ತು. ಅದು ಸಂಕರವಲ್ಲ, ರೈತ ಬೀಜ ಉಳಿಸಿಕೊಳ್ಳಬಹುದಾಗಿತ್ತು. 2009ರಲ್ಲಿ ಅದು ರೈತರಿಗೆ ಬಂದ ವರ್ಷವೇ ಅದರಲ್ಲಿ ಮಾನ್ಸಾಂಟೊ ವಂಶವಾಹಿ ಇರುವುದು ಬೆಳಕಿಗೆ ಬಂದು ಮಾರಾಟ ನಿಂತಿತು. ಸೋಪೋರಿ ಸಮಿತಿ 2012ರ ತನ್ನ ವರದಿಯಲ್ಲಿ ಅದನ್ನು ಖಚಿತಪಡಿಸಿತು. ವರದಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೂ ಒಂದು ವ್ಯತ್ಯಾಸವನ್ನು ಹೇಳಬೇಕು. ಆ ತಪ್ಪನ್ನು ಕೆದಕಲು ಸಮಿತಿ ಕೂತಿತು, ಅದರ ವರದಿಯನ್ನು ನಾನು ಓದಲು ಸಾಧ್ಯವಾಯಿತು.

ಈಗ ನನ್ನ ಸ್ವಂತ ತಪ್ಪನ್ನು ಹೇಳುತ್ತೇನೆ. ಇದನ್ನು ಹೇಳದೆ ನಿಮ್ಮೆದುರು ನಂಬಿಕೆಯ ಮಾತಾಡಲು ನನಗೆ ಅಧಿಕಾರವಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಊರಿಗೆ ಒಂದು ಹೊಸ ಕಂಪೆನಿಯ ಯುವಕರು ಬಂದರು. ತೋಟದಲ್ಲಿ ಒಂದು ಕಂಬ ನೆಟ್ಟು ಅದರಲ್ಲಿ ತೇವ, ಉಷ್ಣತೆ, ಎಲೆಯ ಒದ್ದೆ ಇವುಗಳನ್ನು ಅಳೆಯುವ ಉಪಕರಣ ಕೂರಿಸಿದರೆ, ಕೊಳೆರೋಗ ಬರುವ ಮುನ್ನವೇ ಮೊಬೈಲಿಗೆ ಸೂಚನೆ ಬರುತ್ತದೆ, ಒಂದು ಸುತ್ತು ಮದ್ದು ಉಳಿಯುತ್ತದೆ ಎಂದರು. ಅದರ ಹಿಂದಿನ ವಿಜ್ಞಾನ ಸರಿಯಾಗಿಯೇ ಇತ್ತು. ಯುವಕರು ಪ್ರಾಮಾಣಿಕರೂ ಆಗಿದ್ದರು. ನಾನು ನೆರೆಯವರನ್ನು ಕರೆದು, ಇದು ಒಳ್ಳೆಯದು, ಹಾಕಿಸಿಕೊಳ್ಳಿ ಎಂದೆ. ಡಾಕ್ಟರೇಟ್ ಪಡೆದವರ ಮಾತು ಎಂದು ಹನ್ನೊಂದು ಮನೆಯವರು ದುಡ್ಡು ಕೊಟ್ಟರು.

ಎರಡು ಮಳೆಗಾಲ ಅದು ಚೆನ್ನಾಗಿ ನಡೆಯಿತು. ಮೂರನೆಯ ವರ್ಷ ಜುಲೈ ತಿಂಗಳ ನಡುವೆ ಸೂಚನೆಗಳು ನಿಂತವು. ಕಂಪೆನಿಯನ್ನು ಬೇರೊಬ್ಬರು ಕೊಂಡಿದ್ದರು, ನಮ್ಮ ಕಡೆಯ ಕೆಲಸ ಅವರಿಗೆ ಬೇಡವಾಗಿತ್ತು. ಕಂಬ ನಿಂತಿತ್ತು, ಉಪಕರಣ ಸರಿಯಿತ್ತು, ಆದರೆ ಅದು ಅಳೆದುದೆಲ್ಲ ಹೋಗುತ್ತಿದ್ದುದು ಅವರ ಗಣಕಕ್ಕೆ. ನಮ್ಮ ತೋಟದ ಎರಡು ವರ್ಷದ ಮಳೆ, ತೇವಗಳ ಲೆಕ್ಕವನ್ನು ಕೊಡಿ ಎಂದು ಮೂರು ಬಾರಿ ಬರೆದೆ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಸೂಚನೆ ಬರುತ್ತದೆಂದು ಕಾದು ಎರಡನೆಯ ಸುತ್ತಿನ ಮದ್ದನ್ನು ತಡಮಾಡಿದ ನಾಲ್ಕು ಮನೆಗಳಲ್ಲಿ ಕೊಳೆ ಇಳಿದಿತ್ತು. ಅವರಲ್ಲೊಬ್ಬರು ನನಗೆ ವರಸೆಯಲ್ಲಿ ದೊಡ್ಡಪ್ಪ. ಅವರು ಬೈಯಲಿಲ್ಲ. ಮುಂದಿನ ವರ್ಷದಿಂದ ಮದ್ದಿನ ವಿಷಯವನ್ನು ನನ್ನಲ್ಲಿ ಕೇಳುವುದನ್ನು ಬಿಟ್ಟರು, ಅಷ್ಟೆ.

ಕಿರ್ಲೋಸ್ಕರ್ ಲೇತನ್ನು ನೆನಪಿಡಿ ಎಂದಿದ್ದು ಇದಕ್ಕೇ. ಆ ಕಂಪೆನಿ ಸತ್ತರೂ ಲೇತು ತಿರುಗುತ್ತದೆ. ಈ ಕಂಪೆನಿ ಕೈಬದಲಾಯಿಸಿದ ದಿನವೇ ಹನ್ನೊಂದು ಕಂಬಗಳು ಮೂಕವಾದವು. ಯುವಕರ ಪ್ರಾಮಾಣಿಕತೆ ನಮ್ಮನ್ನು ಕಾಯಲಿಲ್ಲ. ನಾನು ಕೇಳಬೇಕಾಗಿದ್ದ ಪ್ರಶ್ನೆಗಳು ಕಷ್ಟದವೇನಲ್ಲ. ಅಳೆದ ಲೆಕ್ಕ ನಮ್ಮ ಕೈಗೂ ದಿನವೂ ಬರುತ್ತದೆಯೇ? ನೀವಿಲ್ಲದಿದ್ದರೂ ಉಪಕರಣ ಅಂಕಿ ತೋರಿಸುತ್ತದೆಯೇ? ಸೂಚನೆ ತಪ್ಪಿದರೆ ನಷ್ಟ ಯಾರದು, ಅದು ಬರಹದಲ್ಲಿದೆಯೇ? ನಮಗೆ ಬೇಡವೆನಿಸಿದರೆ ಕಿತ್ತುಕೊಂಡು ಹೋಗುತ್ತೀರಾ? ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಲಿರುವ ವಿದ್ಯಾರ್ಥಿಗಳು ಇವನ್ನೇ ಒಳಗಿನಿಂದ ಕೇಳಬಹುದು. ಕೇಳಿದಾಗ ಉತ್ತರ ಕೊಡುವ ಬದಲು ಕೇಳಿದವನ ವಿದ್ಯಾರ್ಹತೆಯನ್ನು ಪ್ರಶ್ನಿಸುವ ಕಂಪೆನಿಯಲ್ಲಿ ನಾನಂತೂ ಕೆಲಸ ಮಾಡಲಾರೆ. ಭೋಪಾಲದಲ್ಲಿ 1984ರ ಡಿಸೆಂಬರ್‌ನ ಆ ರಾತ್ರಿ ಅನಿಲ ಸೋರುವ ಮೊದಲೇ ಅದನ್ನು ತಂಪಾಗಿಡುವ ಶೀತಲೀಕರಣ ಯಂತ್ರವನ್ನು ನಿಲ್ಲಿಸಲಾಗಿತ್ತು. ಗೋಡೆಯ ಆಚೆ ಮಲಗಿದ್ದವರಿಗೆ ಒಳಗೆ ಏನಿದೆ ಎಂಬುದೇ ಗೊತ್ತಿರಲಿಲ್ಲ.

ನಮ್ಮ ಊರಿನಲ್ಲಿ ಈಗ ಹನ್ನೊಂದು ಮನೆಗಳಲ್ಲೂ ಒಂದೊಂದು ಮಳೆಮಾಪಕವಿದೆ. ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡಿ ನೋಟುಪುಸ್ತಕದಲ್ಲಿ ಬರೆಯುತ್ತೇವೆ. ಅದು ರೋಗದ ಮುನ್ಸೂಚನೆ ಕೊಡುವುದಿಲ್ಲ, ಒಪ್ಪುತ್ತೇನೆ.

ನಾಳಿನ ಕೆಲಸವನ್ನು ಹೇಳಿ ಮಾತು ಮುಗಿಸುತ್ತೇನೆ. ವಿದ್ಯಾರ್ಥಿಗಳು ಹೊಳೆಯ ನೀರಿನ ಆಮ್ಲಜನಕವನ್ನು ತಾವೇ ಅಳೆಯುವುದನ್ನು ಕಲಿಯಬೇಕೆಂದು ಕೇಳಿದ್ದಾರೆ. ಎಲ್ಲರೂ ಸೂರ್ಯೋದಯಕ್ಕೆ ಮುಂಚೆಯೇ ದಡದಲ್ಲಿರಬೇಕು. ರಾತ್ರಿಯಿಡೀ ಪಾಚಿಯೂ ಉಸಿರಾಡಿ ಆಮ್ಲಜನಕವನ್ನು ಬಳಸಿರುವುದರಿಂದ ಹೊಳೆಯ ಕಷ್ಟದ ಹೊತ್ತು ಅದೇ. ಗಾಜಿನ ಬಾಟಲಿಯನ್ನು ಮೂರು ಬಾರಿ ಹೊಳೆಯ ನೀರಿನಲ್ಲೇ ತೊಳೆದು, ನೀರಿನ ಒಳಗೇ ಮುಳುಗಿಸಿ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಬಿರಡೆ ಹಾಕಬೇಕು. ಅಲ್ಲಿಯೇ ಎರಡು ದ್ರಾವಣಗಳನ್ನು ಹನಿಸಿ ತಲೆಕೆಳಗು ಮಾಡಿ ಕುಲುಕಬೇಕು. ತಳದಲ್ಲಿ ಕಂದು ಗಸಿ ಕೂತರೆ ನೀರಿನಲ್ಲಿ ಆಮ್ಲಜನಕವಿದೆ, ಬಿಳಿಯ ಗಸಿ ಕೂತರೆ ಇಲ್ಲ. ದ್ರಾವಣಗಳು ಕೈಗೆ ತಾಗಬಾರದು, ಕೈಗವಸು ತರುತ್ತೇನೆ. ಬಾಟಲಿಗಳು ಹನ್ನೆರಡೇ ಇವೆ. ಕೆಳಗಿನ ಊರುಗಳಿಂದ ಬರುವವರಿಗೆ ಮೊದಲು ಕೊಡೋಣ. ಬಾಟಲಿಯ ಮೇಲೆ ಸ್ಥಳ, ದಿನಾಂಕ, ಹೊತ್ತು ಈ ಮೂರನ್ನೂ ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಅಳಿಸಿಹೋಗುತ್ತದೆ.